ಅಲ್ಯೂಮಿನಿಯಂ ಪೆಟ್ಟಿಗೆಯೂ ಹಳೆಯ ಒಂದು ಪ್ರಶ್ನೆಯೂ

ಮಾರ್ಚ್ ತಿಂಗಳ ಕೊನೆ. ರಾತ್ರಿ ಊಟ ಮುಗಿಸಿ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತಿದ್ದೆ. ಮಹಡಿಯ ಕೋಣೆಯಿಂದ ಒಂದು ಸದ್ದು ಕೇಳಿಸಿತು. ಸೈಲೆನ್ಸರ್ ಕಳಚಿದ ರಿಕ್ಷಾ ಮಣಿಪಾಲದ ಏರು ಹತ್ತುವಾಗ ಬರುವಂಥ ಸದ್ದು. ಒಮ್ಮೆ ನಿಂತಿತು, ಮತ್ತೆ ಬಂತು. ಅಡುಗೆಮನೆಯಿಂದ ನನ್ನಾಕೆ, "ಮಿಕ್ಸಿಗೆ ಯಾರು ಕಲ್ಲು ಹಾಕಿದ್ದು?" ಎಂದು ಕೇಳಿದಳು. ಕೆಂಪು ಶಾಯಿಯ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ.

ಮಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷ. ದಿನಾ ಉಡುಪಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಮಡಿಲಲ್ಲಿ ಎಲೆಕ್ಟ್ರಿಕ್ ಗಿಟಾರು. ಎದುರಿಗೆ ಪ್ಲಾಸ್ಟಿಕ್ಕಿನ ಬುತ್ತಿ ಡಬ್ಬಿ, ಅದರೊಳಗಿಂದ ಹೊರಗೆ ಚಾಚಿದ ಕೆಂಪು ಕಪ್ಪು ವಯರುಗಳು.

"ಗಿಟಾರು ಹಾಳಾಯಿತಾ ಮಾರಾಯ?"

"ಹಾಳಾದದ್ದಲ್ಲ ಅಪ್ಪ, ಹಾಳು ಮಾಡಿದ್ದು," ಎಂದ.

ಅವನು ವಿವರಿಸಿದ್ದು ಹೀಗೆ. ಎಲೆಕ್ಟ್ರಿಕ್ ಗಿಟಾರು ನುಡಿಸುವವರು ಕಾಲಬುಡದಲ್ಲಿ ಒಂದೆರಡು ಚಿಕ್ಕ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತಾರೆ. ಗಿಟಾರಿನಿಂದ ಹೊರಟ ತಂತಿ ಈ ಪೆಟ್ಟಿಗೆಯ ಮೂಲಕ ಹಾದು ಸ್ಪೀಕರಿಗೆ ಹೋಗುತ್ತದೆ. ಕಾಲಿನಿಂದ ಗುಂಡಿ ಒತ್ತಿದರೆ ಸ್ವರದ ಬಣ್ಣ ಬದಲಾಗುತ್ತದೆ. ಕಾಲಿನಿಂದ ಒತ್ತುವುದರಿಂದ ಅದಕ್ಕೆ ಪೆಡಲ್ ಎಂದು ಹೆಸರು. ಒಂದು ಪೆಟ್ಟಿಗೆ ಸ್ವರವನ್ನು ಪ್ರತಿಧ್ವನಿಸುವಂತೆ ಮಾಡಿದರೆ ಇನ್ನೊಂದು ನಡುಗಿಸುತ್ತದೆ. ಇವನು ಮಾಡುತ್ತಿದ್ದುದು ಸ್ವರವನ್ನು ಒರಟಾಗಿಸುವ 'ಫಝ್' ಪೆಟ್ಟಿಗೆ. ಅಂಗಡಿಯಲ್ಲಿ ಕೊಳ್ಳಲು ಸಾವಿರಾರು ರೂಪಾಯಿ ಬೇಕು. ಅದಕ್ಕಾಗಿ ಮನೆಯಲ್ಲೇ ಉದ್ಯೋಗ ಶುರುವಾಗಿತ್ತು.

ಪರೀಕ್ಷೆ ಹತ್ತಿರ ಇದೆಯಲ್ಲ ಎಂಬ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ಮಕ್ಕಳಿರುವ ಎಲ್ಲ ಮನೆಗಳಲ್ಲೂ ಈ ಮಾತು ತಾನಾಗಿ ಬರುತ್ತದೆ. ಆದರೆ ಡಬ್ಬಿಯೊಳಗೆ ಇಣುಕಿದವನಿಗೆ ಮಾತು ಅಲ್ಲೇ ನಿಂತಿತು. ಬೆಸುಗೆ ಹಾಕಿದ ಎರಡು ಚಿಕ್ಕ ಲೋಹದ ಟೋಪಿಗಳು. ಮೇಲೆ 'ಎಸಿ 128' ಎಂಬ ಅಕ್ಷರ. ಅವು ನನ್ನವು! ನಾನು ಎಂ.ಜಿ.ಎಂ. ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾಗ ಸತ್ತ ರೇಡಿಯೋಗಳಿಂದ ಕಿತ್ತು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ನಮ್ಮದೇ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಲ್ಲಿ ಆರಂಭವಾಗಿ, 1962ರಿಂದ ಜರ್ಮೇನಿಯಂ ಬಿಡಿಭಾಗಗಳನ್ನು ತಯಾರಿಸಿತ್ತು. ಆಮೇಲೆ ಸಿಲಿಕಾನ್ ಬಂತು, ಜರ್ಮೇನಿಯಂ ಮೂಲೆ ಸೇರಿತು. ಅಟ್ಟದ ಮೇಲೆ ಮೂವತ್ತು ವರ್ಷಕ್ಕೂ ಮೀರಿ ಧೂಳು ತಿಂದ ಬಾಟಲಿಯನ್ನು ಮಗ ಇಳಿಸಿದ್ದ.

"ಫಝ್‌ಗೆ ಜರ್ಮೇನಿಯಮ್ಮೇ ಒಳ್ಳೆಯದಂತೆ ಅಪ್ಪ. ಹೊರದೇಶದಲ್ಲಿ ಇದಕ್ಕಾಗಿ ಹುಡುಕುತ್ತಾರೆ," ಎಂದ. ನಾನು ನೆಲದ ಮೇಲೆ ಅವನ ಪಕ್ಕ ಕುಳಿತೆ. ಉತ್ತರಪತ್ರಿಕೆಗಳು ಆ ರಾತ್ರಿ ಹಾಗೆಯೇ ಉಳಿದವು.

ಈ ಒರಟು ಸದ್ದು ಹುಟ್ಟಿದ್ದೇ ಒಂದು ಯಂತ್ರದೋಷದಿಂದ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ 'ಡೋಂಟ್ ವರಿ' ಎಂಬ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ, ಧ್ವನಿ ಬೆರೆಸುವ ಯಂತ್ರದ ಒಂದು ಭಾಗ ಕೆಟ್ಟು, ಗಿಟಾರಿನ ಸ್ವರ ಗೊರಗೊರ ಎಂದಿತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂದಾಗ ಉಳಿದ ಗಿಟಾರುಗಾರರೂ ಅದೇ ಸದ್ದು ಬೇಕೆಂದರು. ಆ ಧ್ವನಿಮುದ್ರಣದ ತಂತ್ರಜ್ಞ ಗ್ಲೆನ್ ಸ್ನಾಡಿ, ಅದೇ ದೋಷವನ್ನು ಬೇಕೆಂದಾಗ ಉಂಟುಮಾಡುವ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರೂಪಿಸಿದ. 1962ರಲ್ಲಿ ಅದು 'ಮೇಸ್ಟ್ರೋ ಫಝ್-ಟೋನ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಬಳಸಿದ ಮೇಲೆ ಅದರ ಹೆಸರು ಲೋಕಪ್ರಸಿದ್ಧವಾಯಿತು. ಮರುವರ್ಷ ಲಂಡನ್ನಿನಲ್ಲಿ 'ಫಝ್ ಫೇಸ್' ಬಂತು. ಜಿಮಿ ಹೆಂಡ್ರಿಕ್ಸ್ ಕಾಲಿನಿಂದ ಒತ್ತುತ್ತಿದ್ದುದು ಅದನ್ನೇ.

ಮಗ ಮಾಡಿದ್ದು ಈ ಫಝ್ ಫೇಸಿನ ನಕಲು. ಅದರ ನಕ್ಷೆ ನೋಡಿ ನನಗೆ ಆಶ್ಚರ್ಯವಾಯಿತು. ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ರೇಡಿಯೋದ ವಾಲ್ಯೂಮಿನಂಥ ಎರಡು ತಿರುಪು. ಹನ್ನೊಂದೇ ಬಿಡಿಭಾಗ, ಒಂದು 9 ವೋಲ್ಟಿನ ಬ್ಯಾಟರಿ. ಗಿಟಾರಿನ ತಂತಿ ಮೀಟಿದಾಗ ಹುಟ್ಟುವ ವಿದ್ಯುತ್ತಿನ ಅಲೆ ಗುಡ್ಡದಂತೆ ನಯವಾಗಿ ಏರಿ ಇಳಿಯುತ್ತದೆ. ಟ್ರಾನ್ಸಿಸ್ಟರುಗಳು ಅದನ್ನು ನೂರಾರು ಪಟ್ಟು ಹಿಗ್ಗಿಸಲು ಹೊರಡುತ್ತವೆ. ಆದರೆ ಬ್ಯಾಟರಿ ಇರುವುದು 9 ವೋಲ್ಟು. ಅದಕ್ಕಿಂತ ಮೇಲೆ ಅಲೆ ಏರಲಾರದು. ಆದ್ದರಿಂದ ಗುಡ್ಡದ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಮೇಲುಸ್ವರಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಕಿವಿಗೆ ಒರಟು ಎನಿಸುವುದು ಈ ಮೇಲುಸ್ವರಗಳ ಗುಂಪು.

ಇದನ್ನು ಕೇಳುತ್ತ ಬಾಗಿಲಲ್ಲಿ ನಿಂತಿದ್ದ ನನ್ನಾಕೆ, ಚಿಕ್ಕಂದಿನಲ್ಲಿ ಸಂಗೀತ ಕಲಿತವಳು, "ತಂಬೂರಿಯ ಜೀವಾಳದ ಹಾಗೆ," ಎಂದಳು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ಹತ್ತಿಯ ನೂಲೊಂದನ್ನು ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರಲ್ಲ, ಆಗ ಮಂಕಾಗಿದ್ದ ನಾದ ಝೇಂಕರಿಸುತ್ತದೆ. ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಪರಿಶೀಲಿಸಿದ್ದರು. ತಂತಿಯನ್ನು ಮೀಟಿದ ಜಾಗದ ಲೆಕ್ಕ ಹಿಡಿದರೆ ಕೇಳಿಸಲೇಬಾರದ ಮೇಲುಸ್ವರಗಳೂ ತಂಬೂರಿ ಮತ್ತು ವೀಣೆಯಲ್ಲಿ ಕೇಳಿಸುತ್ತವೆ, ಅದಕ್ಕೆ ಕುದುರೆಯ ವಿಶಿಷ್ಟ ಆಕಾರವೇ ಕಾರಣ ಎಂದು ಅವರು ತೋರಿಸಿದರು. ನಮ್ಮವರು ನೂಲಿನಿಂದ ಮಾಡಿದ್ದನ್ನು ಅವರು ಟ್ರಾನ್ಸಿಸ್ಟರಿನಿಂದ ಮಾಡಿದರು ಎಂದು ಮಗನಿಗೆ ಹೇಳಿದೆ. ಅಪ್ಪನಿಂದ ಇಷ್ಟು ಬೆಂಬಲ ಅವನು ನಿರೀಕ್ಷಿಸಿರಲಿಲ್ಲ.

ಏಪ್ರಿಲ್ ರಜೆಯ ಸಂಜೆಗಳೆಲ್ಲ ಆ ಪೆಟ್ಟಿಗೆಗೇ ಹೋದವು. ಎರಡು ತೊಂದರೆಗಳು ಎದುರಾದವು. ಒಂದು, ಸೆಕೆ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಸ್ವಲ್ಪ ಸೋರುತ್ತಲೇ ಇರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ಹಾಡಿದ ಪೆಟ್ಟಿಗೆ ಉಡುಪಿಯ ಮಧ್ಯಾಹ್ನದ ಸೆಕೆಗೆ ಕೆಮ್ಮುತ್ತಿತ್ತು. ಬಾಟಲಿಯಲ್ಲಿದ್ದ ಇಪ್ಪತ್ತಮೂರು ಟ್ರಾನ್ಸಿಸ್ಟರುಗಳನ್ನೂ ಅಳೆದು, ಸೋರಿಕೆ ಕಡಿಮೆ ಇರುವ ಎರಡನ್ನು ಆರಿಸಿದೆವು. ಇನ್ನೊಂದು, ಗುಂಯ್ ಎಂಬ ಸದ್ದು. ಮನೆಯ ವಯರಿಂಗಿನಲ್ಲಿ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ವಿದ್ಯುತ್ತಿನ ಪ್ರಭಾವವನ್ನು ಈ ಮಂಡಲ ಗಾಳಿಯಲ್ಲೇ ಹಿಡಿದು ಹಿಗ್ಗಿಸಿ ಕೇಳಿಸುತ್ತಿತ್ತು. ಪ್ಲಾಸ್ಟಿಕ್ ಡಬ್ಬಿ ಅದನ್ನು ತಡೆಯಲಾರದು. ಲೋಹದ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಮಂಡಲದ ಭೂತಂತಿಗೆ ಜೋಡಿಸಿದರೆ ಹೊರಗಿನ ಗಲಾಟೆ ಲೋಹದಲ್ಲೇ ನಿಲ್ಲುತ್ತದೆ. ಮೈಕೇಲ್ ಫ್ಯಾರಡೆಯ ಪಂಜರವೆಂದು ನಾನು ವರ್ಷವರ್ಷ ಪಾಠ ಮಾಡುವುದು ಇದನ್ನೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ನೇಹಿತನ ಕೈಯಲ್ಲಿ ಮಗ ಎರಕದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ತರಿಸಿದ. ಗುಂಯ್‌ಗುಡುವಿಕೆ ಬಹುಮಟ್ಟಿಗೆ ನಿಂತಿತು.

ಇಷ್ಟಾದ ಮೇಲೆ ಅವನಿಗೆ ಪೆಟ್ಟಿಗೆಯ ಮೇಲೆ ಚಿತ್ರ ಬೇಕೆನಿಸಿತು. ಅಂಟಿಸಿದ ಚಿತ್ರ ಕಾಲು ತಾಗಿ ಕಿತ್ತುಹೋಗುತ್ತದೆ. ಲೋಹದಲ್ಲೇ ಕೊರೆದಂತೆ ಇರಬೇಕು. ಹೀಗೆ ಮಾಡುವವರು ಲೋಹದ ಮೇಲೆ ಚಿತ್ರ ಮೂಡಿಸಿ, ಉಳಿದ ಭಾಗವನ್ನು ರಾಸಾಯನಿಕದಿಂದ ತಿನ್ನಿಸುತ್ತಾರಂತೆ. ಅವನು ಬರೆದದ್ದು ಕಾಪುವಿನ ದೀಪಸ್ತಂಭ. 1901ರಿಂದ ಕಡಲಿನ ಬಂಡೆಯ ಮೇಲೆ ನಿಂತಿರುವ ಆ ಸ್ತಂಭ ನಾನು ಈಗ ಪಾಠ ಮಾಡುವ ಶಾಲೆಯಿಂದ ದೂರವಿಲ್ಲ.

ಫೆರಿಕ್ ಕ್ಲೋರೈಡ್ ತರುತ್ತೇನೆ ಎಂದ. ನಾನು ಬೇಡವೆಂದೆ. ತಾಮ್ರದ ಹಾಳೆಗೆ ಅದು ಸರಿ. ಅಲ್ಯೂಮಿನಿಯಂ ಮೇಲೆ ಬಿದ್ದರೆ ಬಿಸಿಯೇರಿ ಉಕ್ಕುತ್ತದೆ. "ಮೈಲುತುತ್ತು ಸಾಕು," ಎಂದೆ ಗುರುವಿನ ಗತ್ತಿನಲ್ಲಿ. "ತಾಮ್ರದ ಸಲ್ಫೇಟು. ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ತಾಮ್ರವನ್ನು ದ್ರಾವಣದಿಂದ ಹೊರಗಟ್ಟಿ ತಾನು ಕರಗುತ್ತದೆ. ಸ್ಥಾನಪಲ್ಲಟ ಕ್ರಿಯೆ. ಹತ್ತನೆಯ ತರಗತಿಯ ಪಾಠ."

ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀಲಿ ದ್ರಾವಣ ಮಾಡಿ, ಚಿತ್ರ ಮೂಡಿಸಿದ ಪೆಟ್ಟಿಗೆಯನ್ನು ಅದರಲ್ಲಿಟ್ಟೆವು. ಹತ್ತು ನಿಮಿಷ, ಅರ್ಧ ಗಂಟೆ. ಒಂದು ಗುಳ್ಳೆ ಏಳಲಿಲ್ಲ. ಇನ್ನಷ್ಟು ಮೈಲುತುತ್ತು ಹಾಕಿದೆ. ಒಂದು ಗಂಟೆ ಕಳೆಯಿತು. ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತ ನನ್ನನ್ನೇ ನೋಡುತ್ತಿತ್ತು. ಸಂಶಯ ಬಂದು ಒಂದು ಕಬ್ಬಿಣದ ಮೊಳೆ ಹಾಕಿದೆ. ನಿಮಿಷದೊಳಗೆ ಅದಕ್ಕೆ ತಾಮ್ರದ ಕೆಂಪು ಲೇಪ ಹತ್ತಿತು. ಸರಣಿಯಲ್ಲಿ ಕಬ್ಬಿಣಕ್ಕಿಂತ ಮೇಲಿರುವ ಅಲ್ಯೂಮಿನಿಯಂ ಮಾತ್ರ ಸುಮ್ಮನಿತ್ತು.

"ಅಪ್ಪ, ನಿಮ್ಮ ಪಾಠದಲ್ಲಿ ಎಲ್ಲೋ ತಪ್ಪಿದೆ," ಎಂದು ಮಗ ನಕ್ಕ.

ನನಗೆ ನಗು ಬರಲಿಲ್ಲ. ಆ ಕ್ಷಣದಲ್ಲಿ ನನಗೆ ಬೇರೊಬ್ಬ ಹುಡುಗನ ಮುಖ ನೆನಪಾಗಿತ್ತು.

* * *

1996. ಉಡುಪಿ ಜಿಲ್ಲೆ ಇನ್ನೂ ಆಗಿರಲಿಲ್ಲ. ಕಾರ್ಕಳ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹೊಸ ಮೇಷ್ಟ್ರು. ಹಲಗೆಯ ಮೇಲೆ ಲೋಹಗಳ ಕ್ರಿಯಾಶೀಲತೆಯ ಸರಣಿ ಬರೆದು, ಮೇಲಿನ ಲೋಹ ಕೆಳಗಿನ ಲೋಹವನ್ನು ಹೊರಗಟ್ಟುತ್ತದೆ ಎಂದು ಪಾಠ ಮಾಡುತ್ತಿದ್ದೆ. ಎರಡನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅಡಿಕೆ ತೋಟದ ಮನೆಯವನು. ಅವನ ಅಜ್ಜಿಮನೆ ಕಾಪುವಿನಲ್ಲಿ.

"ಸರ್, ನಮ್ಮ ಮನೆಯಲ್ಲಿ ಮೈಲುತುತ್ತಿನ ನೀರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿಟ್ಟರೆ ಬೆಳಗ್ಗಿನವರೆಗೆ ಎಂತದೂ ಆಗುವುದಿಲ್ಲ. ಅಜ್ಜಿಮನೆಯ ಬಾವಿನೀರಿನಲ್ಲಿ ಹಾಕಿಟ್ಟರೆ ಪಾತ್ರೆ ತೂತಾಗ್ತದೆ. ಅದು ಯಾಕೆ ಸರ್?"

ನಾನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ರಸಾಯನಶಾಸ್ತ್ರಕ್ಕೆ ಕಾರ್ಕಳ ಬೇರೆ, ಕಾಪು ಬೇರೆ ಅಂತ ಉಂಟಾ? ನಿನ್ನ ಅಜ್ಜಿಯ ಪಾತ್ರೆ ಹಳೆಯದಿರಬೇಕು. ಕೂತ್ಕೋ." ತರಗತಿ ಗೊಳ್ಳೆಂದು ನಕ್ಕಿತು. ಮರುದಿನದಿಂದ ಆ ಹುಡುಗನಿಗೆ 'ಅಜ್ಜಿಪಾತ್ರೆ' ಎಂದು ಅಡ್ಡಹೆಸರು ಬಿತ್ತು. ಅದು ನನ್ನ ಕಿವಿಗೂ ಬಿದ್ದಿತ್ತು, ನಾನು ತಡೆಯಲಿಲ್ಲ. ನನಗೂ ತಮಾಷೆ ಎನಿಸಿರಬೇಕು. ಕೆಲವು ದಿನಗಳಲ್ಲಿ ಅವನು ಹಿಂದಿನ ಬೆಂಚಿಗೆ ಹೋಗಿ ಕುಳಿತ. ವರ್ಷದ ಕೊನೆಯವರೆಗೆ ಎದ್ದು ನಿಂತು ಏನನ್ನೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಕಾಲೇಜಿಗೆ ಹೋಗಲಿಲ್ಲವೆಂದು ಕೇಳಿದ್ದೆ. ನನ್ನ ಒಂದು ಮಾತಿನಿಂದಲೇ ಅವನ ಓದು ನಿಂತಿತೆಂದರೆ ಅದೂ ನನ್ನ ಜಂಬವೇ ಆದೀತು, ಮನೆಯಲ್ಲಿ ಕಷ್ಟವಿತ್ತು. ಆದರೆ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದು ನನ್ನ ತರಗತಿಯಲ್ಲಿ.

ಅವನ ಪ್ರಶ್ನೆಯಲ್ಲೇ ಉತ್ತರವಿತ್ತು. ಕಡಲ ಬದಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅಡುಗೆಮನೆಗೆ ಹೋಗಿ ಹಿಡಿ ಉಪ್ಪು ತಂದು ಟಬ್ಬಿಗೆ ಹಾಕಿ ಕದಡಿದೆ. ನೀಲಿ ದ್ರಾವಣ ಹಸುರಾಯಿತು. ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆಯ ಮೈಮೇಲೆ ಗುಳ್ಳೆಗಳು ಎದ್ದವು, ಕಂದುಗೆಂಪು ಕೆಸರು ಕಟ್ಟತೊಡಗಿತು. ಟಬ್ಬು ಮುಟ್ಟಿದರೆ ಬೆಚ್ಚಗಾಗಿತ್ತು. ಮಗ ಕುಣಿದಾಡಿದ.

ಕಾರಣ ಇಷ್ಟೇ. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ಆಕ್ಸೈಡಿನ ತೆಳುವಾದ, ಕಣ್ಣಿಗೆ ಕಾಣದ ಪದರವೊಂದನ್ನು ಹೊದ್ದುಕೊಳ್ಳುತ್ತದೆ. ಆ ಹೊದಿಕೆ ಇರುವವರೆಗೆ ಒಳಗಿನ ಲೋಹಕ್ಕೂ ಹೊರಗಿನ ದ್ರಾವಣಕ್ಕೂ ಭೇಟಿಯಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಹೊದಿಕೆಯನ್ನು ಅಲ್ಲಲ್ಲಿ ಭೇದಿಸುತ್ತದೆ. ಬಾಗಿಲು ತೆರೆದ ಮೇಲೆ ಸರಣಿ ಹೇಳಿದಂತೆಯೇ ಎಲ್ಲ ನಡೆಯುತ್ತದೆ: ಅಲ್ಯೂಮಿನಿಯಂ ಕರಗುತ್ತದೆ, ತಾಮ್ರ ಹೊರಬೀಳುತ್ತದೆ. ಬರಿಮೈಯಾದ ಅಲ್ಯೂಮಿನಿಯಂ ನೀರಿನೊಡನೆಯೂ ವರ್ತಿಸಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಆ ಗುಳ್ಳೆಗಳು ಅದರವು. ಪುಸ್ತಕದ ಸರಣಿ ಸುಳ್ಳಲ್ಲ. ಹೊದಿಕೆಯ ಸಂಗತಿ ನನಗೂ ಗೊತ್ತಿತ್ತು. ಅಲ್ಯೂಮಿನಿಯಂ ಏಕೆ ತುಕ್ಕು ಹಿಡಿಯುವುದಿಲ್ಲ ಎಂಬ ಪ್ರಶ್ನೆಗೆ ಎರಡು ಅಂಕದ ಉತ್ತರವಾಗಿ. ಎರಡು ಪಾಠಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದವನು ಹದಿನೈದು ವರ್ಷದ ಆ ಹುಡುಗ. ಒಂದೇ ಮೈಲುತುತ್ತು, ಎರಡು ಬಾವಿಯ ನೀರು, ಎರಡು ಫಲಿತಾಂಶ. ಪ್ರಯೋಗವೆಂದರೆ ಇದೇ ತಾನೆ?

ಮನೆಯಲ್ಲಿ ಇಂಥದನ್ನು ಮಾಡಬಯಸುವ ವಿದ್ಯಾರ್ಥಿಗಳಿಗೆ ನಾವು ಮಾಡಿದ ಕ್ರಮ ಹೇಳಿಬಿಡುತ್ತೇನೆ. ಪೆಟ್ಟಿಗೆಯನ್ನು ಎಮೆರಿ ಕಾಗದದಿಂದ ತಿಕ್ಕಿ, ಸೋಪಿನಿಂದ ಜಿಡ್ಡು ತೊಳೆಯಬೇಕು. ಚಿತ್ರವನ್ನು ಎಡಬಲ ತಿರುಗಿಸಿ, ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು, ಲೋಹದ ಮೇಲೆ ಕವುಚಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಕಪ್ಪು ಪುಡಿ ಕರಗಿ ಲೋಹಕ್ಕೆ ಅಂಟುತ್ತದೆ. ನೀರಿನಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆಯಬೇಕು. ಬಿಟ್ಟುಹೋದ ಗೆರೆಗಳಿಗೆ ಉಗುರಿನ ಬಣ್ಣ, ತಿನ್ನಿಸಬಾರದ ಬದಿಗಳಿಗೆ ಅಗಲದ ಅಂಟುಪಟ್ಟಿ. ಅರ್ಧ ಲೀಟರು ನೀರಿಗೆ ಎರಡು ಚಮಚ ಮೈಲುತುತ್ತು, ಅಷ್ಟೇ ಉಪ್ಪು ಸಾಕು. ಎರಡು ಮೂರು ನಿಮಿಷಕ್ಕೊಮ್ಮೆ ಹೊರತೆಗೆದು ಕೆಂಪು ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಬೇಕು, ಇಲ್ಲದಿದ್ದರೆ ಗೆರೆ ಹರಿದುಹೋಗುತ್ತದೆ. ಬೇಕಾದಷ್ಟು ಆಳ ಬಂದ ಮೇಲೆ ತೊಳೆದು, ತಗ್ಗುಗಳಿಗೆ ಕಪ್ಪು ಬಣ್ಣ ತುಂಬಿ, ಒಣಗಿದ ನಂತರ ಮೇಲ್ಮೈಯನ್ನು ಮತ್ತೆ ತಿಕ್ಕಿದರೆ ಕಪ್ಪಿನ ನಡುವೆ ಚಿತ್ರ ಬೆಳ್ಳಗೆ ಎದ್ದು ಬರುತ್ತದೆ.

ಎಚ್ಚರಿಕೆಗಳೂ ಇವೆ. ಮೈಲುತುತ್ತು ವಿಷ. ಕೈಗವಸು, ಕನ್ನಡಕ ಬೇಕು. ಜೊತೆಯಲ್ಲಿ ದೊಡ್ಡವರೊಬ್ಬರು ಇರಬೇಕು. ಬಳಸಿದ ಟಬ್ಬು ಮತ್ತೆ ಅಡುಗೆಮನೆಗೆ ಬರಬಾರದು. ಹೊರಬರುವ ಹೈಡ್ರೋಜನ್ ಉರಿಯುವ ಅನಿಲ, ಆದ್ದರಿಂದ ಬಯಲಲ್ಲಿ ಮಾಡಬೇಕು, ಹತ್ತಿರ ಬೆಂಕಿ ಕೂಡದು. ಉಳಿದ ದ್ರಾವಣವನ್ನು ಬಾವಿಯ ಬಳಿಯಾಗಲಿ ತೋಡಿಗಾಗಲಿ ಚೆಲ್ಲಬೇಡಿ; ತಾಮ್ರ ಮೀನಿಗೆ ಮಾರಕ. ಅಲ್ಯೂಮಿನಿಯಂ ಚೂರುಗಳನ್ನು ಹಾಕಿಟ್ಟರೆ ಬಣ್ಣ ಹೋಗುವಷ್ಟರಲ್ಲಿ ಹೆಚ್ಚಿನ ತಾಮ್ರ ತಳಕ್ಕೆ ಇಳಿದಿರುತ್ತದೆ.

* * *

ಪೆಟ್ಟಿಗೆ ಸಿದ್ಧವಾಯಿತು. ದೀಪಸ್ತಂಭ, ಕೆಳಗೆ ಬಂಡೆ, ಮೂರು ಅಲೆ. ಮಗ ಅದನ್ನು ಮಣಿಪಾಲಕ್ಕೆ ಒಯ್ದು ಸ್ನೇಹಿತರಿಗೆಲ್ಲ ತೋರಿಸಿಬಂದ. ನನಗೆ ಸಮಾಧಾನವಿರಲಿಲ್ಲ. ಜೂನ್ ತಿಂಗಳ ಒಂದು ಭಾನುವಾರ, ಮಳೆ ಬಿಡುವು ಕೊಟ್ಟಿದ್ದ ದಿನ, ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ವಿಳಾಸ ಪಡೆದಿದ್ದೆ. ಅವನು ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಮನೆ, ತೋಟ ಮೂರು ಮೈಲಿ ಆಚೆ.

ನಾನು ಹೋದಾಗ ಅಂಗಳದಲ್ಲಿ ಅಡಿಕೆಗೆ ಮದ್ದು ಬಿಡುವ ಸಿದ್ಧತೆ ನಡೆದಿತ್ತು. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. 1885ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರ್ಯಾಂತದ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ವಿಜ್ಞಾನಿ ಪ್ರಕಟಿಸಿದ ಮದ್ದು ಇದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದನ್ನು ಬಳಕೆಗೆ ತಂದರು. ಅವನು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮದ್ದು ಕದಡಿ, ಉಜ್ಜಿದ ಕತ್ತಿಯ ಅಲಗನ್ನು ಅದರೊಳಗೆ ಅದ್ದಿ ಹಿಡಿದು, ಎತ್ತಿ ನೋಡಿದ. ಅಲಗು ಕೆಂಪೇರಿದರೆ ಸುಣ್ಣ ಸಾಲದೆಂದು ಅರ್ಥ. ನಾನು ಹಲಗೆಯ ಮೇಲೆ ಬರೆಯುವ ಸ್ಥಾನಪಲ್ಲಟ ಕ್ರಿಯೆ ಅವನ ಕತ್ತಿಯ ಅಲಗಿನ ಮೇಲೆ ಪ್ರತಿವರ್ಷ ನಡೆಯುತ್ತಿತ್ತು.

"ಎಂತ ಸರ್, ಇಷ್ಟು ದೂರ! ಬನ್ನಿ, ಒಳಗೆ ಬನ್ನಿ," ಎಂದು ಕೈ ತೊಳೆದು ಓಡಿಬಂದ. ತಲೆ ನರೆತಿತ್ತು. ಬೆಲ್ಲ, ನೀರು ಬಂತು. ನಾನು ಪೆಟ್ಟಿಗೆ ತೆಗೆದು ಅವನ ಕೈಯಲ್ಲಿಟ್ಟೆ. ತಿರುಗಿಸಿ ನೋಡಿ, "ಕಾಪುವಿನ ಲೈಟ್‌ಹೌಸ್!" ಎಂದ.

"ಮೈಲುತುತ್ತು ಹಾಕಿ ತಿನ್ನಿಸಿದ್ದು. ಮೊದಲು ಬರೀ ಮೈಲುತುತ್ತು ಹಾಕಿದೆ, ಏನೂ ಆಗಲಿಲ್ಲ."

ಅವನು ನನ್ನ ಮುಖ ನೋಡಿದ. ಮೆಲ್ಲಗೆ, "ಉಪ್ಪು ಬೇಕಲ್ಲ ಸರ್," ಎಂದ.

"ನಿನಗೆ ನೆನಪುಂಟಾ?"

"ಉಂಟು ಸರ್. ಆಮೇಲೆ ಪಂಪಿನ ಕೆಲಸಕ್ಕೆ ಕಡಲಕರೆಗೆ ಹೋಗಲಿಕ್ಕೆ ಶುರುಮಾಡಿದ ಮೇಲೆ ನನಗೇ ಗೊತ್ತಾಯಿತು. ಇಲ್ಲಿ ಬಾಳುವ ಅಲ್ಯೂಮಿನಿಯಂ ಸಾಮಾನು ಅಲ್ಲಿ ಬಾಳುವುದಿಲ್ಲ. ಉಪ್ಪಿನದ್ದೇ ಉಪದ್ರ."

"ಆವತ್ತು ನಾನು ತಪ್ಪು ಮಾಡಿದೆ. ನಿನ್ನ ಪ್ರಶ್ನೆ ಸರಿಯಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲಿಕ್ಕೆ ನಾಚಿಕೆಯಾಯಿತು. ಅದಕ್ಕೆ ನಗಿಸಿಬಿಟ್ಟೆ."

"ಅಯ್ಯೋ, ಬಿಡಿ ಸರ್, ಅದೆಲ್ಲ ಹಳೇ ಕಥೆ," ಎಂದ. ಆ ಮಾತಿಗೆ ನಾನು ಹಗುರಾಗಿ ಎದ್ದುಬರಬಹುದಿತ್ತು. ಅಷ್ಟರಲ್ಲಿ ಅವನ ಮಗಳು ಚಹಾ ತಂದಿಟ್ಟಳು. ಒಂಬತ್ತನೆಯ ತರಗತಿ. ಪೆಟ್ಟಿಗೆಯನ್ನು ಕಂಡವಳೇ, ಇದು ಏನು, ಯಾಕೆ ಭಾರ, ಇದರ ಒಳಗೆ ಎಂತ ಉಂಟು ಎಂದು ಕೇಳತೊಡಗಿದಳು. ಅವನು ನಕ್ಕು ಹೇಳಿದ: "ಇವಳದ್ದು ಇಡೀ ದಿನ ಪ್ರಶ್ನೆಯೇ ಸರ್. ನಾನು ಹೇಳಿದ್ದೇನೆ, ಶಾಲೆಯಲ್ಲಿ ಕೇಳಬೇಡ, ಮನೆಗೆ ಬಂದು ನನ್ನತ್ರ ಕೇಳು ಅಂತ."

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ಮಳೆ ಬರುವಾಗ ಕೊಡೆ ಹಿಡಿದುಕೋ ಎಂದು ಮಗಳಿಗೆ ಹೇಳುವ ತಂದೆಯ ಹಾಗೆ ಹೇಳಿದ. ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೂವತ್ತು ವರ್ಷದ ಹಿಂದೆ ನಾನು ಕೂರಿಸಿದ್ದು ಒಬ್ಬನನ್ನು ಎಂದುಕೊಂಡಿದ್ದೆ. ಆ "ಕೂತ್ಕೋ" ಇನ್ನೊಂದು ತಲೆಮಾರಿಗೆ ದಾಟಿತ್ತು.

"ಶಾಲೆಯಲ್ಲಿಯೂ ಕೇಳಲಿ ಮಾರಾಯ," ಎಂದೆ. "ನಗುವವರು ನಗಲಿ. ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೆ ಮೇಷ್ಟ್ರು ಕಲಿಯಲಿ." ಅವನು ತಲೆಯಾಡಿಸಿದ. ಒಪ್ಪಿದನೋ, ಮರ್ಯಾದೆಗೆ ತಲೆಯಾಡಿಸಿದನೋ ತಿಳಿಯಲಿಲ್ಲ. ಹುಡುಗಿಗೆ ಪೆಟ್ಟಿಗೆ ಬಿಚ್ಚಿ ತೋರಿಸಿದೆ. ತಿನ್ನಿಸಿದ ಕ್ರಮ ಹೇಳಿದೆ. ಹೊರಡುವಾಗ ನನ್ನ ಫೋನ್ ನಂಬರು ಬರೆದುಕೊಟ್ಟೆ.

ಈ ವರ್ಷ ಕಾಪುವಿನ ಶಾಲೆಯಲ್ಲಿ ಆ ಪಾಠ ಬಂದಾಗ ಎರಡು ಅಲ್ಯೂಮಿನಿಯಂ ಲೋಟ ಒಯ್ದೆ. ಒಂದರಲ್ಲಿ ಹಿಡಿದಿಟ್ಟ ಮಳೆನೀರು, ಇನ್ನೊಂದರಲ್ಲಿ ಉಪ್ಪು ಕದಡಿದ ನೀರು. ಎರಡಕ್ಕೂ ಸಮ ಮೈಲುತುತ್ತು. ಮೊದಲು ಏನಾಗಬಹುದೆಂದು ಮಕ್ಕಳಿಂದಲೇ ಹೇಳಿಸಿದೆ. ಸರಣಿ ಬಾಯಿಪಾಠ ಮಾಡಿದವರೆಲ್ಲ ಎರಡೂ ಲೋಟ ಕರಗುತ್ತದೆ ಎಂದರು. ಆಮೇಲೆ ಕಾದು ನೋಡಿದರು. ಈ ಪ್ರಶ್ನೆಯನ್ನು ನನಗೆ ಕಲಿಸಿದವನು ಕಾರ್ಕಳದ ನನ್ನ ಒಬ್ಬ ವಿದ್ಯಾರ್ಥಿ ಎಂದೂ, ಆಗ ನಾನು ಅವನನ್ನು ಕೂರಿಸಿದೆನೆಂದೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ತಂದೆತಾಯಂದಿರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಮಹಡಿಯಿಂದ ವಿಚಿತ್ರ ಸದ್ದು ಬಂದರೆ ಬೈಯುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ನೋಡಿ ಎಂದಷ್ಟೇ ಹೇಳಬಲ್ಲೆ. ಆವತ್ತು ನಾನು ಕೆಳಗಿನಿಂದಲೇ ಕೂಗಿಬಿಟ್ಟಿದ್ದರೆ ಈ ಪೆಟ್ಟಿಗೆಯೂ ಆಗುತ್ತಿರಲಿಲ್ಲ, ಕಾರ್ಕಳಕ್ಕೆ ನಾನು ಹೋಗುತ್ತಲೂ ಇರಲಿಲ್ಲ.

ಕಳೆದ ವಾರ ರಾತ್ರಿ ಒಂದು ಫೋನ್ ಬಂತು. ಕಾರ್ಕಳದ ಹುಡುಗಿ. "ಸರ್, ನಮಗೆ ಇವತ್ತು ಆ ಪಾಠ ಆಯಿತು. ಹಲಗೆಯಲ್ಲಿ ಬರೆದ ಸಮೀಕರಣದಲ್ಲಿ ಅಲ್ಯೂಮಿನಿಯಂ, ತಾಮ್ರ, ಸಲ್ಫೇಟ್ ಮಾತ್ರ ಇದೆ. ನೀವು ಹೇಳಿದ ಗುಳ್ಳೆಯ ಹೈಡ್ರೋಜನ್ ಅದರಲ್ಲಿ ಇಲ್ಲವಲ್ಲ?"

"ಶಾಲೆಯಲ್ಲಿ ಕೇಳಿದೆಯಾ?" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಅವಳ ತಂದೆಯ ದನಿ ಕೇಳಿಸಿತು: "ನಾಳೆ ಕೇಳ್ತಾಳೆ ಸರ್."